ಜನರೇಟರ್ ಕೊಳ್ಳುವ ಮುಂಚೆ

ಜೂನ್ ಬಂತೆಂದರೆ ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆ ಕರೆಂಟಿನ ಮೇಲೆ ಯಾರೂ ಭರವಸೆ ಇಡುವುದಿಲ್ಲ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಒಂಟಿಮನೆಗಳಿಗೆ ಮತ್ತೆ ಬೆಳಕು ಬರಲು ಎರಡು ಮೂರು ದಿನವೂ ಹಿಡಿದೀತು. ಯುಪಿಎಸ್ ಒಂದು ರಾತ್ರಿ ದೀಪ, ಫ್ಯಾನು ನಡೆಸಿ ಕೈಚೆಲ್ಲುತ್ತದೆ. ಬಾವಿಯ ಪಂಪು ಅದರ ಅಳವಿಗೆ ಮೀರಿದ್ದು. ಆಗ ಜನರೇಟರಿನ ಮಾತು ಬರುತ್ತದೆ. ಹೆಚ್ಚಿನವರು ಯಂತ್ರವನ್ನು ಅಂಗಳದಲ್ಲಿ ಇಳಿಸಿಕೊಂಡ ಮೇಲೆ ವೈರಿಂಗ್ ಯೋಚನೆ ಮಾಡುತ್ತಾರೆ. ಮೊದಲು ಸಜ್ಜಾಗಬೇಕಾದದ್ದು ಮನೆ.

ಲೆಕ್ಕ

ಕರೆಂಟಿಲ್ಲದಾಗ ಏನೇನು ನಡೆಯಲೇಬೇಕೆಂದು ಪಟ್ಟಿ ಮಾಡಿ. 9 ವಾಟಿನ ಎಂಟು ಎಲ್‌ಇಡಿ ದೀಪಕ್ಕೆ 72 ವಾಟ್, 75 ವಾಟಿನ ಮೂರು ಫ್ಯಾನಿಗೆ 225, ಫ್ರಿಜ್ಜಿಗೆ ಸುಮಾರು 200, ಒಂದು ಎಚ್‌ಪಿ ಪಂಪಿಗೆ ಸುಮಾರು 1,000. ಕೂಡಿದರೆ ಒಂದೂವರೆ ಕಿಲೋವಾಟ್. ಆದರೆ ಮೋಟಾರು ಹೊರಡುವ ಗಳಿಗೆಯಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ಅಷ್ಟನ್ನು ತಾಳದ ಜನರೇಟರು ಉಸಿರುಗಟ್ಟಿ ನಿಂತುಬಿಡುತ್ತದೆ. ಅದಕ್ಕೇ ಇಂಥ ಮನೆಗೂ 3ರಿಂದ 5 ಕೆವಿಎ ಸೆಟ್ಟು ಬೇಕಾದೀತು. ಕೆವಿಎ ಕಂಡು ಅದೇ ಕಿಲೋವಾಟ್ ಎಂದುಕೊಳ್ಳಬೇಡಿ; ಪವರ್ ಫ್ಯಾಕ್ಟರ್ 0.8 ಎಂದಿದ್ದರೆ 5 ಕೆವಿಎ ಕೊಡುವುದು 4 ಕಿಲೋವಾಟ್ ಮಾತ್ರ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಪಟ್ಟಿಯ ಹೊರಗಿರಲಿ. ಬೇಕಾದ ಲೈನುಗಳನ್ನಷ್ಟೇ ಬೇರೊಂದು ಡಿಬಿ ಪೆಟ್ಟಿಗೆಗೆ ಎಳೆಸಿದರೆ, ಯಾರಾದರೂ ಮರೆತು ಗೀಸರ್ ಹಾಕಿದರೂ ತೊಂದರೆಯಿಲ್ಲ.

ಚೇಂಜ್‌ಓವರ್ ಸ್ವಿಚ್

ಇದಿಲ್ಲದೆ ಉಳಿದ ಸಿದ್ಧತೆಗೆ ಬೆಲೆಯಿಲ್ಲ. ಹಿಡಿಕೆ ಒಂದು ಕಡೆಗಿದ್ದರೆ ಕಂಬದ ಕರೆಂಟು, ಇನ್ನೊಂದು ಕಡೆಗಿದ್ದರೆ ಜನರೇಟರು, ನಡುವೆ ನಿಂತರೆ ಎರಡೂ ಇಲ್ಲ. ಎರಡೂ ಕೂಡುವ ದಾರಿಯೇ ಇರುವುದಿಲ್ಲ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು ಬೇಕು, ಏಕೆಂದರೆ ಫೇಸಿನ ಜೊತೆ ನ್ಯೂಟ್ರಲ್ ಕೂಡ ಕಡಿಯಬೇಕು. ತ್ರೀ ಫೇಸಿಗೆ ನಾಲ್ಕು ಪೋಲು.

ಇದರ ಖರ್ಚು ಉಳಿಸಲು, ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವವರಿದ್ದಾರೆ. ಸಾಕೆಟ್ಟಿನಿಂದ ಕಳಚಿದರೆ ಅದರ ಬರಿಯ ಪಿನ್ನುಗಳಲ್ಲೇ 230 ವೋಲ್ಟ್ ಇರುತ್ತದೆ. ಮೇನ್ ಆಫ್ ಮಾಡಲು ಮರೆತರಂತೂ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿಯೂ ಕೆಲಸ ಮಾಡುತ್ತದೆ. ಈ ಕಡೆಯ 230 ಆ ಕಡೆ 11,000 ಆಗಬಲ್ಲದು. ಲೈನ್ ಆಫ್ ಇದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಮುಟ್ಟುವುದು ಅದೇ ತಂತಿಯನ್ನು. ಲೈನಿನ ಕರೆಂಟು ಹಠಾತ್ತನೆ ವಾಪಸು ಬಂದರೆ ಜನರೇಟರಿನ ವೈಂಡಿಂಗೂ ಸುಟ್ಟೀತು. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಜಾಗ

ಮಳೆಗೆ ಹೆದರಿ ಯಂತ್ರವನ್ನು ಜಗಲಿಗೋ ಕೊಟ್ಟಿಗೆಗೋ ಸೇರಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆಯನ್ನು ಮಳೆಗಾಲದ ಶೀತವೆಂದು ತಿಳಿದು ಮಲಗಿದವರು ಏಳದೆ ಹೋಗಬಹುದು. ಮನೆಯಿಂದ ಕನಿಷ್ಠ 6 ಮೀಟರ್ ಆಚೆ, ನೀರು ನಿಲ್ಲದಂಥ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಮೇಲೆ ಶೀಟು ಹೊದಿಸಿ, ಬದಿಗಳು ತೆರೆದಿರಲಿ. ಹೊಗೆಕೊಳವೆ ಕಿಟಕಿಗಳಿಗೆ ಬೆನ್ನು ಹಾಕಿರಲಿ. ಪೆಟ್ರೋಲ್ ಕ್ಯಾನು ಮನೆಯೊಳಗೆ ಬೇಡ. ಎಂಜಿನ್ ಆರಿದ ಮೇಲಷ್ಟೇ ತುಂಬಿಸಿ.

ಅರ್ಥಿಂಗ್

ಜನರೇಟರಿನ ಲೋಹದ ಮೈಯನ್ನು ಅರ್ಥ್ ಗುಂಡಿಗೆ ಜೋಡಿಸಬೇಕೆಂಬುದು ಎಲ್ಲರಿಗೂ ಗೊತ್ತು. ತಪ್ಪಿಹೋಗುವುದು ನ್ಯೂಟ್ರಲ್. ಚಿಕ್ಕ ಸೆಟ್ಟುಗಳಲ್ಲಿ ಅನೇಕ ಸಲ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುವುದಿಲ್ಲ. ಹಾಗಿದ್ದಾಗ ಸೋರಿದ ಕರೆಂಟಿಗೆ ಮರಳುವ ದಾರಿ ಸಿಗುವುದಿಲ್ಲ. 30 ಮಿಲಿಆಂಪಿಯರಿಗೆ ಟ್ರಿಪ್ ಆಗಬೇಕಾದ ಆರ್‌ಸಿಸಿಬಿ ಎಂಬ ರಕ್ಷಣೆಯ ಸ್ವಿಚ್ಚು ಸುಮ್ಮನಿದ್ದುಬಿಡಬಹುದು. ನಿಮ್ಮ ಸೆಟ್ಟಿಗೆ ಏನು ಮಾಡಬೇಕೆಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ, ಜನರೇಟರು ಓಡುತ್ತಿರುವಾಗಲೇ ಆರ್‌ಸಿಸಿಬಿ ಪರೀಕ್ಷೆ ಮಾಡಿಸಿ.

ಇಷ್ಟಾದ ಮೇಲೆ ಸ್ವಿಚ್ಚಿನ ಪಕ್ಕ ಒಂದು ಚೀಟಿ ಅಂಟಿಸಿ: ಹಿಡಿಕೆ ನಡುವಿಗೆ, ಎಂಜಿನ್ ಚಾಲೂ, ಒಂದೆರಡು ನಿಮಿಷ ಬಿಟ್ಟು ಹಿಡಿಕೆ ಜನರೇಟರಿಗೆ, ಮೊದಲು ಪಂಪು, ಆಮೇಲೆ ಉಳಿದದ್ದು. ದುಡ್ಡು ಸಾಲದಿದ್ದರೆ ಈ ವರ್ಷ ಸ್ವಿಚ್ಚು, ಅರ್ಥಿಂಗ್, ಕಟ್ಟೆ ಮುಗಿಸಿ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಸಜ್ಜಾದ ಮನೆಗೆ ಬಾಡಿಗೆಯ ಜನರೇಟರೂ ನಡೆಯುತ್ತದೆ.