ಪೂರ್ತಿ ಮುಚ್ಚದ ಕದ

ನವಿ ಮುಂಬಯಿಯ ವಾಶಿ, ಬೇಲಾಪುರಗಳ ಕೆಲವು ಸೆಕ್ಟರುಗಳು ಖಾಡಿಯ, ಅಂದರೆ ಒಳನುಗ್ಗಿದ ಕಡಲತೋಳಿನ, ದೊಡ್ಡ ಉಬ್ಬರಕ್ಕಿಂತ ತಗ್ಗಿನಲ್ಲಿವೆ. ನಗರ ನಿರ್ಮಾಣದ ಸರಕಾರಿ ಸಂಸ್ಥೆ ಸಿಡ್ಕೊ ಇಲ್ಲಿ ಊರು ಕಟ್ಟುವಾಗ ಡಚ್ಚರ ಉಪಾಯ ಹಿಡಿಯಿತು. ಖಾಡಿಯಂಚಿಗೆ ಏರಿ, ಅದರ ಒಳಗೆ ಮಳೆನೀರು ತಂಗಲು ಹೋಲ್ಡಿಂಗ್ ಪಾಂಡ್ ಎಂಬ ಹೊಂಡ, ಎರಡರ ನಡುವೆ ಮೇಲಂಚಿನಲ್ಲಿ ಕೀಲಿಟ್ಟು ತೂಗುಬಿಟ್ಟ ಕದ. ಇಳಿತದಲ್ಲಿ ಹೊಂಡದ ನೀರೇ ಕದ ತಳ್ಳಿಕೊಂಡು ಹೊರಬೀಳುತ್ತದೆ. ಉಬ್ಬರದಲ್ಲಿ ಖಾಡಿಯ ನೀರೇ ಒತ್ತಿ ಮುಚ್ಚುತ್ತದೆ. ಕರೆಂಟು ಬೇಡ, ಆಳೂ ಬೇಡ. ಉತ್ತರ ಕನ್ನಡದ ಅಘನಾಶಿನಿ ನದಿಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಲೆಕ್ಕವೂ ಹೆಚ್ಚುಕಡಿಮೆ ಇದೇ. ಆದರೆ ಅಲ್ಲಿ ಹಲಗೆ ಇಳಿಸಲು, ಎತ್ತಲು ಒಬ್ಬರು ಇರುತ್ತಾರೆ.

ಆಳು ಬೇಡ ಎಂಬಲ್ಲೇ ಎಡವಟ್ಟು. ಕೀಲು ತುಕ್ಕು ಹಿಡಿಯುತ್ತದೆ, ಸಂದಿಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ, ಕದ ಬೆರಳಗಲ ತೆರೆದೇ ಉಳಿಯುತ್ತದೆ. ದಿನಕ್ಕೆರಡು ಉಬ್ಬರ ಕೆಸರುನೀರನ್ನು ಒಳನೂಕುತ್ತವೆ. ನಿಂತ ನೀರಲ್ಲಿ ಹೂಳು ಕೂರುತ್ತದೆ. ತೇಲಿಬಂದ ಕಾಂಡ್ಲಾ (ಮ್ಯಾಂಗ್ರೋವ್) ಬೀಜ ಆ ಹೂಳಲ್ಲಿ ಬೇರೂರುತ್ತದೆ. ಕಾಂಡ್ಲಾ ಕಡಿಯುವುದನ್ನು ಬಾಂಬೆ ಹೈಕೋರ್ಟ್ 2005ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ನನ್ನ ಮಟ್ಟಿಗೆ ಅದು ಸರಿಯಾದ ಆದೇಶವೇ, ಖಾಡಿಯ ದಂಡೆ ನಿಂತಿರುವುದು ಆ ಬೇರುಗಳ ಮೇಲೆ. ಆದರೆ ಹೊಂಡದೊಳಗೆ ಕಾಡು ಬೆಳೆದ ಮೇಲೆ ಹೂಳೆತ್ತುವುದು ಕಾನೂನಿನ ತೊಡಕಾಯಿತು. ನೀರಿಗಿದ್ದ ಜಾಗ ಮಣ್ಣಿನ ಪಾಲಾಯಿತು. ಜೋರು ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದರೆ ನೀರು ಸೆಕ್ಟರಿನ ರಸ್ತೆಗಳಲ್ಲೇ ನಿಲ್ಲುತ್ತದೆ. ಬೈಗುಳ ಮಾತ್ರ ಮಳೆಗೆ.

ಮಳೆಯನ್ನು ಬೈಯಲು ಕಾರಣವೂ ಇದೆ: 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಮುಂದಿನ ತಿಂಗಳು ಕತ್ರೀನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿತು. ಆದರೆ ಅಲ್ಲಿ ಬೈಗುಳ ಬರೀ ಚಂಡಮಾರುತಕ್ಕೆ ನಿಲ್ಲಲಿಲ್ಲ. ಅಲ್ಲಿನ 17ನೇ ಸ್ಟ್ರೀಟ್ ಕಾಲುವೆಯ ಗೋಡೆ, ನೀರು ಅದರ ನೆತ್ತಿ ಮುಟ್ಟುವ ಮೊದಲೇ ಕುಸಿದಿತ್ತು. ತನಿಖೆಯಲ್ಲಿ ಬಯಲಾದದ್ದು ಬುಡದ ಮೆದುಮಣ್ಣು ಮತ್ತು ವಿನ್ಯಾಸದ ತಪ್ಪು. ಕುಸಿದ ಗೋಡೆಗೆ ದಿನಾಂಕವಿರುತ್ತದೆ, ಆದ್ದರಿಂದ ತನಿಖೆಯೂ ನಡೆಯುತ್ತದೆ. ಹೂಳು ತುಂಬಿದ ಹೊಂಡ ಯಾವ ದಿನ ಸೋತಿತೆಂದು ಯಾರೂ ಹೇಳಲಾರರು. ಅದಕ್ಕಾಗಿ ಸಮಿತಿಯೂ ಕೂರುವುದಿಲ್ಲ.

ಹಾಗೆಂದು ಪತ್ತೆ ಕಷ್ಟವೇನಲ್ಲ. ಮಾರ್ಚಿ ತಿಂಗಳ ಅಮಾವಾಸ್ಯೆಯ ಆಸುಪಾಸು, ಮಳೆಯಿಲ್ಲದ ದಿನ, ಹೊಂಡದಲ್ಲಿ ಒಂದು ಅಳತೆಗೋಲು ನೆಟ್ಟು ಉಬ್ಬರದುದ್ದಕ್ಕೂ ನೋಡಬೇಕು. ಖಾಡಿಯ ಜೊತೆ ಹೊಂಡವೂ ಏರಿದರೆ ಕದ ಸೋರುತ್ತಿದೆ. ಜೂನ್ ಬರುವುದರೊಳಗೆ ಕೀಲು ಬದಲಿಸಲು ಸಮಯವಿದೆ. ಒಳಗಿನ ಕಾಂಡ್ಲಾ ಉಳಿಸುವುದಾದರೆ, ಅದು ಕಸಿದುಕೊಂಡಷ್ಟು ಜಾಗವನ್ನು ನೀರಿಗೆ ಬೇರೆಲ್ಲಿ ಕೊಡುವುದು ಎಂಬ ಲೆಕ್ಕ ಆಮೇಲಿನದು. ನೆಲದ ಬೆಲೆ ಹೀಗಿರುವ ಊರಿನಲ್ಲಿ ಅದು ಕೀಲು ಬದಲಿಸಿದಷ್ಟು ಸಲೀಸಲ್ಲ.