ಗಿರಣಿಯ ಗುಪ್ತನಿಧಿ

ನಮ್ಮ ಬೀದಿಯ ತುದಿಮನೆಯಲ್ಲಿ ಹಿರಿಯರೊಬ್ಬರಿದ್ದಾರೆ. ಬಟ್ಟೆಯ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದು, ಗಿರಣಿಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಮನೆ ಸೇರಿದವರು. ಅವರ ಬಳಿ ಹಳೆಯದೊಂದು ಫಿಯೆಟ್ ಕಾರಿದೆ. ಪ್ರತಿ ಭಾನುವಾರ ಬೆಳಗ್ಗೆ ಅದರ ಮುಸುಕು ತೆಗೆದು, ಮೆತ್ತನೆಯ ಬಟ್ಟೆಯಿಂದ ಮೈಯೊರೆಸಿ, ಯಂತ್ರವನ್ನು ಹತ್ತು ನಿಮಿಷ ನಡೆಸಿ, ಮತ್ತೆ ಮುಸುಕು ಹಾಕಿದ ಹೊರತು ಅವರಿಗೆ ಕಾಫಿ ರುಚಿಸುವುದಿಲ್ಲ. “ನನಗೆ ಜ್ವರ ಬಂದರೆ ಇಷ್ಟು ಉಪಚಾರವಿಲ್ಲ” ಎಂದು ಅವರ ಪತ್ನಿ ಆಗಾಗ ಚುಚ್ಚುವುದುಂಟು. ಹಿರಿಯರು ಅದನ್ನು ಕೇಳಿಸಿಕೊಳ್ಳದವರಂತೆ ಇನ್ನೊಂದು ಬಾಗಿಲನ್ನು ಒರೆಸತೊಡಗುತ್ತಾರೆ.

ಹಳೆಯ ಗಾಡಿಗಳ ಮೇಲಿನ ಈ ಮಮತೆ ಯಾರಿಗೂ ಕೇಡು ಮಾಡದ ಹುಚ್ಚು ಎಂದೇ ನಾನು ಬಹುಕಾಲ ತಿಳಿದಿದ್ದೆ. ಫ್ರಾನ್ಸ್ ದೇಶದ ಮ್ಯುಲೂಸ್ ಪಟ್ಟಣದ ಶ್ಲುಂಫ್ ಸೋದರರ ಕಥೆಯನ್ನು ಓದಿದ ಮೇಲೆ ಆ ಅಭಿಪ್ರಾಯವನ್ನು ಕೊಂಚ ತಿದ್ದಿಕೊಳ್ಳಬೇಕಾಯಿತು.

ಮ್ಯುಲೂಸ್ ಇರುವುದು ಫ್ರಾನ್ಸಿನ ಪೂರ್ವದ ಅಂಚಿನ ಅಲ್ಸಾಸ್ ಪ್ರಾಂತದಲ್ಲಿ. ಸ್ವಿಟ್ಜರ್ಲೆಂಡಿನ ಗಡಿ ಅಲ್ಲಿಂದ ಕೂಗಳತೆಯ ದೂರ. ನೂಲುವ, ನೇಯುವ, ಬಟ್ಟೆಗೆ ಅಚ್ಚು ಹಾಕುವ ಕಸುಬುಗಳಿಂದ ಬೆಳೆದ ಊರದು. ಹ್ಯಾನ್ಸ್ ಮತ್ತು ಫ್ರಿಟ್ಜ್ ಎಂಬ ಇಬ್ಬರು ಶ್ಲುಂಫ್ ಸೋದರರು ಉಣ್ಣೆಯ ವ್ಯಾಪಾರದಿಂದ ಇಲ್ಲಿ ತಲೆಯೆತ್ತಿದರು. ತಂದೆ ಸ್ವಿಟ್ಜರ್ಲೆಂಡಿನವರು, ತಾಯಿ ಅಲ್ಸಾಸಿನವರು. 1935ರಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿ, ಮುಂದೆ ಒಂದೊಂದಾಗಿ ನೂಲುವ ಗಿರಣಿಗಳನ್ನು ಕೊಂಡು, ಸೀಮೆಗೆ ದೊಡ್ಡ ಧಣಿಗಳೆನಿಸಿದರು. ಹ್ಯಾನ್ಸ್ ಲೆಕ್ಕಪತ್ರದ ಮನುಷ್ಯ. ಫ್ರಿಟ್ಜನಿಗೆ ಮಾತ್ರ ಒಂದು ವ್ಯಾಮೋಹವಿದ್ದಿತು. ಅದರ ಹೆಸರು ಬುಗಾಟ್ಟಿ.

ಮಿಲಾನಿನಲ್ಲಿ ಹುಟ್ಟಿದ ಎತ್ತೋರೆ ಬುಗಾಟ್ಟಿ 1909ರಲ್ಲಿ ಇದೇ ಅಲ್ಸಾಸಿನ ಮೋಲ್ಸ್‌ಹೈಮ್ ಎಂಬಲ್ಲಿ ಕಾರ್ಖಾನೆಯನ್ನು ತೆರೆದರು. ಕಲೆಗಾರರ ಮನೆತನ ಅವರದು. ತಂದೆ ಪೀಠೋಪಕರಣಗಳನ್ನು ಕಲಾಕೃತಿಗಳಂತೆ ರಚಿಸಿದವರು. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಗಳಿಗೆ ಹೆಸರಾದವನು. ಎತ್ತೋರೆ ಕಬ್ಬಿಣದಲ್ಲಿಯೂ ಅದೇ ಕುಸುರಿಯನ್ನು ತೋರಿದರು. ಮುಂದಿನ ಚಕ್ರಗಳ ಅಚ್ಚಿನಲ್ಲಿ ಚೌಕದ ಕಿಂಡಿ ಕೊರೆದು, ಸ್ಪ್ರಿಂಗಿನ ಪಟ್ಟಿಗಳನ್ನು ಅದರೊಳಗಿಂದಲೇ ಹಾಯಿಸಿದ ಕೆಲಸವನ್ನು ಬಲ್ಲವರು ಇಂದಿಗೂ ಬಗ್ಗಿ ಬಗ್ಗಿ ನೋಡುತ್ತಾರೆ. 1924ರಲ್ಲಿ ಲಿಯಾನಿನ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಅವರ 35ನೆಯ ಮಾದರಿಯ ಗಾಡಿ ಅಲ್ಯುಮಿನಿಯಮಿನಲ್ಲಿ ಎರಕಹೊಯ್ದ ಚಕ್ರಗಳ ಮೇಲೆ ಓಡುತ್ತಿದ್ದಿತು. ಫ್ರಿಟ್ಜ್ ಶ್ಲುಂಫ್ ಮಹಾಯುದ್ಧಕ್ಕೆ ಮೊದಲೇ ಅಂಥದೊಂದನ್ನು ಕೊಂಡುಕೊಂಡಿದ್ದ.

ಬುಗಾಟ್ಟಿಯವರ ಮಹತ್ವಾಕಾಂಕ್ಷೆಯ ಗಾಡಿ ಮಾತ್ರ ಬೇರೆಯದು. 41ನೆಯ ಮಾದರಿಯಾದ ಅದಕ್ಕೆ ‘ರೊಯಾಲ್’ ಎಂದು ಹೆಸರು. ಅರಸರಿಗೆ ತಕ್ಕುದೆಂಬ ಅರ್ಥ. ಉದ್ದ ಸುಮಾರು 6.4 ಮೀಟರು, ತೂಕ 3 ಟನ್ನಿಗೂ ಮಿಗಿಲು. ಯಂತ್ರದ ಅಳತೆ 12.7 ಲೀಟರು, ಎಂದರೆ ನಮ್ಮ ಬೀದಿಯಲ್ಲಿ ಓಡಾಡುವ ಚಿಕ್ಕ ಕಾರಿನ ಯಂತ್ರದ ಹತ್ತು ಪಾಲು! ಮೂತಿಯ ತುದಿಯಲ್ಲಿ ಸೊಂಡಿಲೆತ್ತಿ ಹಿಂಗಾಲ ಮೇಲೆ ನಿಂತ ಆನೆಯ ಪುಟ್ಟ ಪ್ರತಿಮೆ. ಅದು 1916ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ ತಮ್ಮ ರೆಂಬ್ರಾಂಟನ ಶಿಲ್ಪ. ಇಂಥ 25 ಗಾಡಿಗಳನ್ನು ಕಟ್ಟಬೇಕೆಂಬುದು ಬುಗಾಟ್ಟಿಯವರ ಎಣಿಕೆಯಾಗಿದ್ದಿತು. ಆದರೆ 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಜಗತ್ತಿನ ಸಿರಿವಂತರೆಲ್ಲ ಕೈ ಬಿಗಿಹಿಡಿದರು. ಒಬ್ಬ ಅರಸನೂ ಕೊಳ್ಳಲಿಲ್ಲ. ಗಿರಾಕಿಗಳ ಕೈ ಸೇರಿದ ರೊಯಾಲ್‌ಗಳು ಮೂರೇ ಮೂರು. ಮಿಕ್ಕ ಯಂತ್ರಗಳನ್ನು ಬುಗಾಟ್ಟಿ ರೈಲುಗಾಡಿಗಳಿಗೆ ಜೋಡಿಸಿ ಮಾರಿದರು. ಅರಸರಿಗೆಂದು ಹುಟ್ಟಿದ ಯಂತ್ರ ಕೊನೆಗೆ ಟಿಕೆಟ್ಟು ಕೊಂಡ ಪ್ರಯಾಣಿಕರನ್ನು ಹೊತ್ತು ಓಡಿತು. ನನಗಂತೂ ಅದರ ಬಾಳಿನಲ್ಲಿ ಇದೇ ಹೆಚ್ಚು ಸಾರ್ಥಕವಾದ ಭಾಗವೆಂದು ತೋರುತ್ತದೆ.

ಆ ಗಾಡಿಗಳ ಹಣೆಬರಹವನ್ನು ಕೇಳಿದರೆ ಸೋಜಿಗವಾಗುತ್ತದೆ. 1932ರಲ್ಲಿ ಒಂದನ್ನು ಕೊಂಡ ಜರ್ಮನಿಯ ವೈದ್ಯರೊಬ್ಬರು ಸ್ವದೇಶವನ್ನು ತೊರೆಯಬೇಕಾಗಿ ಬಂದಾಗ ಗಾಡಿಯೂ ಅವರೊಡನೆ ಷಾಂಘೈಯನ್ನು ಕಂಡು ನ್ಯೂಯಾರ್ಕನ್ನು ಸೇರಿತು. ಅಲ್ಲಿಯ ಚಳಿಗಾಲದಲ್ಲಿ ಯಂತ್ರದೊಳಗಿನ ನೀರು ಹೆಪ್ಪುಗಟ್ಟಿ ಲೋಹ ಬಿರಿಯಿತು. ಗಾಡಿ ಗುಜರಿಗೆ ಬಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯ ಎಂಜಿನಿಯರಾದ ಚಾರ್ಲ್ಸ್ ಚೇಯ್ನ್ ಅದನ್ನು 400 ಡಾಲರಿಗೆ ಕೊಂಡು ಮತ್ತೆ ಓಡುವಂತೆ ಮಾಡಿದರು. ಆದರೆ ಒಂದೇ ಇದ್ದ ಕಾರ್ಬುರೇಟರಿನ ಬದಲು ನಾಲ್ಕನ್ನು ಕೂಡಿಸಿ, ಕಪ್ಪು ಮೈಗೆ ಬಿಳಿಯ ಬಣ್ಣ ಬಳಿದರು. ಇದು ಜೀರ್ಣೋದ್ಧಾರವೋ, ರೂಪಾಂತರವೋ ಎಂದು ಆಸಕ್ತರು ಇಂದಿಗೂ ವಾದಿಸುತ್ತಾರೆ. ಮಾರಾಟವಾಗದೆ ಬುಗಾಟ್ಟಿಯವರ ಬಳಿಯೇ ಉಳಿದಿದ್ದ ಮೂರು ಗಾಡಿಗಳನ್ನು ಯುದ್ಧಕಾಲದಲ್ಲಿ ಜರ್ಮನರ ಕಣ್ಣಿಗೆ ಬೀಳದಂತೆ ಇಟ್ಟಿಗೆಯ ಗೋಡೆಯ ಹಿಂದೆ ಮುಚ್ಚಿಟ್ಟಿದ್ದರು. 1950ರಲ್ಲಿ ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಆ ಪೈಕಿ ಎರಡನ್ನು ಒಂದಿಷ್ಟು ಹಣ ಮತ್ತು ಹೊಸ ರೆಫ್ರಿಜರೇಟರುಗಳನ್ನು ಕೊಟ್ಟು ಕೊಂಡರು. ಅಡಿಗೆಮನೆಯ ಪೆಟ್ಟಿಗೆಗೆ ಬಂದ ಅವುಗಳಲ್ಲೊಂದು 1987ರಲ್ಲಿ ಲಂಡನ್ನಿನ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು.

ಫ್ರಿಟ್ಜ್ ಶ್ಲುಂಫ್ ಕೊಳ್ಳತೊಡಗಿದ್ದು 1960ರ ಈಚೆಗೆ. ಹಳೆಯ ಕಾರುಗಳಿಗೆ ಆಗ ಇನ್ನೂ ಈ ಬೆಲೆ ಬಂದಿರಲಿಲ್ಲ. ಬುಗಾಟ್ಟಿ ಕಾರುಗಳ ಒಡೆಯರ ಪಟ್ಟಿಯೊಂದು 1962ರಲ್ಲಿ ಅಚ್ಚಾಗಿದ್ದಿತು. ಫ್ರಿಟ್ಜ್ ಅದನ್ನು ಮುಂದಿಟ್ಟುಕೊಂಡು ಒಡೆಯರಿಗೆಲ್ಲ ಕಾಗದ ಬರೆದ: ನಿಮ್ಮ ಗಾಡಿಯನ್ನು ಮಾರುವಿರಾ? ಬೆಲೆಯೆಷ್ಟು? ಬುಗಾಟ್ಟಿ ಕಾರ್ಖಾನೆ ಕೈ ಬದಲಾಯಿಸಿದ ಸಮಯದಲ್ಲಿ ಅಲ್ಲಿದ್ದ 18 ಗಾಡಿಗಳನ್ನು ಒಟ್ಟಿಗೆ ಕೊಂಡ. ಎತ್ತೋರೆ ಬುಗಾಟ್ಟಿಯವರು ತಾವೇ ಬಳಸುತ್ತಿದ್ದ ರೊಯಾಲ್ ಅವುಗಳಲ್ಲಿ ಒಂದು. 1964ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜಾನ್ ಷೇಕ್ಸ್‌ಪಿಯರ್ ಎಂಬವರಿಂದ (ಕವಿಗೆ ಸಂಬಂಧವಿಲ್ಲ) ಇನ್ನೂ 30 ಬುಗಾಟ್ಟಿಗಳು ಬಂದವು. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಅವನ್ನು ತೆರೆದ ರೈಲುಬಂಡಿಗಳ ಮೇಲೆ ಸಾಲಾಗಿ ಕಟ್ಟಿ ಹಡಗಿಗೆ ಸಾಗಿಸಿದರು. ಒಟ್ಟು ಬೆಲೆ 85,000 ಡಾಲರು. ಈ ಗುಂಪಿನಲ್ಲಿಯೂ ಒಂದು ರೊಯಾಲ್ ಇದ್ದಿತು.

ಇಷ್ಟು ಗಾಡಿಗಳನ್ನು ಇರಿಸಲು ಮ್ಯುಲೂಸಿನಲ್ಲಿ ತಾವು ಕೊಂಡಿದ್ದ ಹಳೆಯ ನೂಲುವ ಗಿರಣಿಯನ್ನೇ ಸೋದರರು ಅಣಿಗೊಳಿಸಿದರು. ಮಗ್ಗಗಳ ಸದ್ದಡಗಿದ ವಿಶಾಲವಾದ ಅಂಗಣದಲ್ಲಿ ಬೆಣಚುಕಲ್ಲಿನ ಹಾದಿಗಳಾದವು. ಪ್ಯಾರಿಸಿನ ಮೂರನೆಯ ಅಲೆಗ್ಸಾಂಡರ್ ಸೇತುವೆಯ ಮೇಲಿನ ದೀಪಸ್ತಂಭಗಳ ಮಾದರಿಯಲ್ಲಿ ನೂರಾರು ಕಂಬಗಳು ನಿಂತವು. ಎಲ್ಲವೂ ತಾಯಿಯ ನೆನಪಿಗೆ ಅರ್ಪಿತ. ಆದರೆ ನೋಡಲು ಹೊರಗಿನವರಿಗೆ ಪ್ರವೇಶವಿರಲಿಲ್ಲ.

ಆ ಮರೆಯಲ್ಲಿ ಸುಮಾರು 40 ಮಂದಿ ಕುಶಲಕರ್ಮಿಗಳು ಕೆಲಸ ಮಾಡುತ್ತಿದ್ದರು: ಬಡಗಿಗಳು, ಜೀನಗಾರರು, ನುರಿತ ಯಂತ್ರಕರ್ಮಿಗಳು. ಕೆಲಸದ ಗುಟ್ಟನ್ನು ಹೊರಗೆ ಬಿಡುವುದಿಲ್ಲವೆಂದು ಕರಾರಿಗೆ ಒಪ್ಪಿದವರು. ಹಳೆಯ ಮೋಟಾರು ಗಾಡಿಯ ಜೀರ್ಣೋದ್ಧಾರವೆಂದರೆ ಬಣ್ಣ ಬಳಿದು ಹೊಳಪು ಕೊಡುವುದೆಂದು ಕೆಲವರು ತಿಳಿದಿದ್ದಾರೆ. ನಿಜವಾಗಿ ಅದು ವೈದ್ಯ ಮತ್ತು ಶಿಲ್ಪಿ ಇಬ್ಬರ ಕೆಲಸ. ಆ ಕಾಲದ ಗಾಡಿಗಳ ಮೈಯೊಳಗೆ ಮರದ ಹಂದರವಿರುತ್ತಿದ್ದಿತು; ಲೋಹದ ತಗಡು ಮೇಲಿನ ಚರ್ಮ ಮಾತ್ರ. ಮರಕ್ಕೆ ಹುಳು ಹಿಡಿದು ಲಡ್ಡಾಗಿದ್ದರೆ ತಗಡನ್ನು ಹರಿಯದಂತೆ ಬಿಡಿಸಿ, ಕೀಲು ಕೀಲಿಗೂ ಹೊಸ ಮರವನ್ನು ಕೂಡಿಸಬೇಕು. ಸವೆದ ಹಲ್ಲುಚಕ್ರ ಯಾವ ಅಂಗಡಿಯಲ್ಲಿಯೂ ಸಿಗದು. ಹಳೆಯದನ್ನು ಅಳೆದು ಹೊಸದನ್ನು ಕಡೆಯಬೇಕು. ತೊಗಲಿನ ಆಸನದ ಹೊಲಿಗೆಯೂ ಮೊದಲಿನಂತೆಯೇ ಬೀಳಬೇಕು. ಕೊನೆಯಲ್ಲಿ ಗಾಡಿ ಹೊಸದರಂತೆ ಮಿನುಗಿದಾಗ, ದುರಸ್ತಿ ಮಾಡಿದವನ ಕೈಯ ಗುರುತೇ ಕಾಣಬಾರದು. ಅವನ ಜಾಣ್ಮೆಯೆಲ್ಲ ತಾನು ಕಾಣದಂತಾಗುವುದರಲ್ಲಿದೆ!

ಸೋಮನಾಥಪುರದ ದೇಗುಲದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಕೊರೆದಿದೆ. ಏಳೂವರೆ ಶತಮಾನಗಳ ಅನಂತರವೂ ಅದನ್ನು ಓದಬಹುದು. ಮ್ಯುಲೂಸಿನ ಆ ನಾಲ್ವತ್ತು ಮಂದಿಯ ಹೆಸರು ಯಾವ ಗಾಡಿಯ ಮೈಮೇಲೆಯೂ ಇಲ್ಲ.

ಹೊರಗೆ ಕಾಲ ಬದಲಾಗುತ್ತಿದ್ದಿತು. ಕೃತಕ ನೂಲು ಬಂದಿತು. ಅಗ್ಗದ ಕೂಲಿಯನ್ನರಸಿ ನೇಯ್ಗೆಯ ಉದ್ಯಮ ಏಷ್ಯದ ಕಡೆಗೆ ಸರಿಯಿತು. 1970ರ ದಶಕದಲ್ಲಿ ಅಲ್ಸಾಸಿನ ಗಿರಣಿಗಳು ಒಂದೊಂದಾಗಿ ಸೊರಗಿದವು. 1976ರಲ್ಲಿ ಶ್ಲುಂಫ್ ಸೋದರರು ಆಳುಗಳನ್ನು ಕೆಲಸದಿಂದ ತೆಗೆಯಲು ಮೊದಲು ಮಾಡಿದರು. ಮುಷ್ಕರ ಹೂಡಿದ ಕೂಲಿಗಾರರು ಧಣಿಗಳ ಬಂಗಲೆಯನ್ನು ಮುತ್ತಿದರು. ಪೊಲೀಸರು ಬಂದು ಸೋದರರನ್ನು ಕಾಯಬೇಕಾಯಿತು. ಅವರಿಬ್ಬರೂ ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿಕೊಂಡರು.

1977ನೆಯ ಇಸವಿ ಮಾರ್ಚ್ 7ರಂದು ಕಾರ್ಮಿಕರು ಮ್ಯುಲೂಸಿನ ಆ ಗಿರಣಿಯೊಳಗೆ ನುಗ್ಗಿದರು. ಅವರ ಮನಸ್ಸನ್ನು ಕೊಂಚ ಊಹಿಸಿಕೊಳ್ಳಿ. ಉಣ್ಣೆಗೆ ಬೇಡಿಕೆಯಿಲ್ಲ, ಸಂಸ್ಥೆಯಲ್ಲಿ ಹಣವಿಲ್ಲ ಎಂದು ಕೇಳಿ ಕೇಳಿ ಕೆಲಸ ಕಳೆದುಕೊಂಡವರು. ಕದ ತೆರೆದರೆ ಎದುರಿಗೆ ದೀಪದ ಕಂಬಗಳ ಸಾಲು. ಕಣ್ಣು ಹಾಯುವವರೆಗೂ ಕಾರುಗಳು. 400ಕ್ಕೂ ಮಿಗಿಲು! ನೂರಕ್ಕೂ ಹೆಚ್ಚು ಬುಗಾಟ್ಟಿಗಳು. ನಡುವೆ ಸೊಂಡಿಲೆತ್ತಿದ ಆನೆಯನ್ನು ಹೊತ್ತ ರೊಯಾಲ್‌ಗಳು. ತಮ್ಮ ಬೆವರು ಎಲ್ಲಿ ಹೋಯಿತೆಂಬುದಕ್ಕೆ ಇನ್ನಾವ ಲೆಕ್ಕಪತ್ರ ಬೇಕಾಗಿದ್ದಿತು?

ಗಿರಣಿಗಳು ಮುಳುಗಿದ್ದು ಕಾರುಗಳಿಂದಲೇ ಎನ್ನುವುದು ಅನ್ಯಾಯವಾದೀತು. ಕಾರುಗಳಿಗೆ ಕೈ ಹಾಕದ ಎಷ್ಟೋ ಧಣಿಗಳ ಗಿರಣಿಗಳೂ ಆಗ ಮುಳುಗಿದವು. ಆದರೆ ಕೂಲಿ ನಿಂತ ಮನೆಯ ಒಡತಿಗೆ ಈ ಅರ್ಥಶಾಸ್ತ್ರವನ್ನು ಹೇಳಿ ಒಪ್ಪಿಸುವ ಧೈರ್ಯ ನನಗಿಲ್ಲ.

ಸಿಟ್ಟಿನ ಭರದಲ್ಲಿ ಅವರು ದುರಸ್ತಿಯಾಗದೆ ಬಿದ್ದಿದ್ದ ಪುಟ್ಟದೊಂದು ಆಸ್ಟಿನ್ ಸೆವೆನ್ ಕಾರಿಗೆ ಬೆಂಕಿಯಿಟ್ಟರು. ಅದು ಬಡವರ ಕಾರೆಂದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದುದು. ಉರಿಯಲು ಅದಕ್ಕೇ ಸರದಿ ಬಂದುದು ಎಂಥ ವಿಪರ್ಯಾಸ! ಅಂದು ಒಂದು ಬೆಂಕಿಕಡ್ಡಿಯಿಂದ ಎಲ್ಲವೂ ಬೂದಿಯಾಗಬಹುದಾಗಿದ್ದಿತು. ಹಾಗಾಗಲಿಲ್ಲ.

ಕಾರ್ಮಿಕರು ತಮ್ಮ ಸಂಘದ ಮುಂದಾಳ್ತನದಲ್ಲಿ ಗಿರಣಿಯನ್ನು ವಶಪಡಿಸಿಕೊಂಡು, ‘ಕಾರ್ಮಿಕರ ಕಾರ್ಖಾನೆ’ ಎಂದು ಹೊಸ ಹೆಸರಿಟ್ಟು, ಸಾರ್ವಜನಿಕರಿಗೆ ಬಾಗಿಲು ತೆರೆದರು. ಧಣಿ ಇಷ್ಟು ವರ್ಷ ಯಾರಿಗೂ ತೋರದಿದ್ದುದನ್ನು ನೂಲುವ ಕೈಗಳು ಊರಿಗೆಲ್ಲ ತೋರಿಸಿದವು. ಎರಡು ವರ್ಷಗಳ ಕಾಲ ಅವರೇ ಕಾವಲುಗಾರರು, ಅವರೇ ವಿವರಿಸಿ ಹೇಳುವವರು. ಲಕ್ಷಾಂತರ ಜನ ಬಂದು ನೋಡಿದರು. ಹಸಿದವರು ಬೆಲೆಬಾಳುವ ಸೊತ್ತಿನ ಕಾವಲಿಗೆ ಕುಳಿತು, ಅದರ ಒಂದು ಮೊಳೆಯೂ ಸಡಿಲದಂತೆ ನೋಡಿಕೊಳ್ಳುವುದಿದೆಯಲ್ಲ, ಫ್ರಿಟ್ಜ್ ಶ್ಲುಂಫನ ಪ್ರೀತಿಗಿಂತ ಇದು ಯಾವ ವಿಧದಲ್ಲಿ ಕಡಿಮೆಯೋ ನಾನರಿಯೆ. ಬಹುಶಃ ಹೆಚ್ಚಿನದೇ ಇದ್ದೀತು. ಅವನಿಗೆ ಆ ಗಾಡಿಗಳು ಕನಸಾಗಿದ್ದವು. ಇವರಿಗೆ ಅವು ಬರಬೇಕಾದ ಬಾಕಿ. ಬಾಕಿಯನ್ನು ಕೆಡಿಸದೆ ಕಾಯುವುದು ಕನಸನ್ನು ಕಾಯುವುದಕ್ಕಿಂತ ಕಷ್ಟ.

ಇತ್ತ ಸಂಗ್ರಹವನ್ನು ಬಿಡಿಬಿಡಿಯಾಗಿ ಹರಾಜು ಹಾಕಿ ಸಾಲಗಾರರಿಗೆ ಹಂಚಿದರೆ ಅದು ದೇಶ ದೇಶಗಳಿಗೆ ಚದರಿಹೋಗುವುದೆಂಬ ಭಯವಿದ್ದಿತು. 1978ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಕೋಟೆ ಕೊತ್ತಲಗಳಿಗೆ ಸಲ್ಲುವ ಗೌರವ ಚಕ್ರದ ಮೇಲೆ ಓಡುವ ವಸ್ತುಗಳಿಗೂ ಸಂದಿತು. 1979ರಲ್ಲಿ ಕಾರ್ಮಿಕರು ಕಟ್ಟಡವನ್ನು ಬಿಟ್ಟುಕೊಟ್ಟರು. 1981ರಲ್ಲಿ ಪಟ್ಟಣದ ಆಡಳಿತವೂ ಇತರ ಸಂಸ್ಥೆಗಳೂ ಸೇರಿದ ಕೂಟವೊಂದು 4 ಕೋಟಿ 40 ಲಕ್ಷ ಫ್ರಾಂಕಿಗೆ ಇಡೀ ಸಂಗ್ರಹವನ್ನು ಕೊಂಡಿತು. 1982ರ ಜುಲೈಯಲ್ಲಿ ಅದು ರಾಷ್ಟ್ರೀಯ ಮೋಟಾರು ಸಂಗ್ರಹಾಲಯವಾಗಿ ತೆರೆಯಿತು. ಹ್ಯಾನ್ಸ್ 1989ರಲ್ಲಿಯೂ ಫ್ರಿಟ್ಜ್ 1992ರಲ್ಲಿಯೂ ತೀರಿಕೊಂಡರು. ಸಂಗ್ರಹಾಲಯದ ಹೆಸರಿನೊಡನೆ ‘ಶ್ಲುಂಫ್ ಸಂಗ್ರಹ’ ಎಂಬ ಮಾತು ಇಂದಿಗೂ ಸೇರಿಕೊಂಡಿದೆ.

ಕಳೆದ ಭಾನುವಾರ ಈ ಕಥೆಯನ್ನು ನಮ್ಮ ಹಿರಿಯರಿಗೆ ಹೇಳಿದೆ. ರೊಯಾಲ್‌ನ ಅಳತೆ, ತೂಕ, ಆನೆ, ಯಾವುದಕ್ಕೂ ಅವರು ತಲೆದೂಗಲಿಲ್ಲ. ಕೂಲಿಗಾರರು ಒಳನುಗ್ಗಿದರೆಂದಾಗ ಮಾತ್ರ ಒರೆಸುತ್ತಿದ್ದ ಕೈ ತಡೆಯಿತು. “ಎರಡು ವರ್ಷ ಅವರೇ ಕಾದರೆ?” ಎಂದು ಕೇಳಿದರು.

“ಹೌದು, ಅವರೇ.”

“ಗಾಡಿಗಳನ್ನು ಈಗಲೂ ಓಡಿಸುತ್ತಾರೆಯೇ ಮೇಷ್ಟ್ರೇ, ಇಲ್ಲ ಸುಮ್ಮನೆ ನಿಲ್ಲಿಸಿದ್ದಾರೆಯೇ?”

ಸಂಗ್ರಹಾಲಯದ ಹಿಂದೆ ಈಗ ಚಿಕ್ಕದೊಂದು ಓಟದ ದಾರಿಯನ್ನು ಮಾಡಿದ್ದಾರೆ, ಕೆಲವು ಗಾಡಿಗಳನ್ನು ಜನರ ಎದುರಿಗೆ ಓಡಿಸಿ ತೋರಿಸುತ್ತಾರೆ ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. “ನಿಲ್ಲಿಸಿದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ” ಎನ್ನುತ್ತ ಫಿಯೆಟ್ಟಿನೊಳಗೆ ಕುಳಿತು ಕೀಲಿ ತಿರುಗಿಸಿದರು. ಮೂರನೆಯ ಸಲಕ್ಕೆ ಯಂತ್ರ ಹೊತ್ತಿಕೊಂಡಿತು.