ತೋಟದ ಲೆಕ್ಕಕ್ಕೆ ಮನೆಯಲ್ಲೇ ಬರೆದ ಕಂಪ್ಯೂಟರ್ ಪ್ರೋಗ್ರಾಂ



ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುತ್ತೀರಿ. ಈಗ ಅನೇಕ ಸಂಘಗಳಲ್ಲಿ ಹಾಲು ಸುರಿದ ಕೂಡಲೇ ಅದರ ತೂಕ, ಜಿಡ್ಡಿನ ಅಂಶ, ನಿಮಗೆ ಬರಬೇಕಾದ ಹಣ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲೆ ಮೂಡಿ, ಚೀಟಿ ಕೈಗೆ ಬರುತ್ತದೆ. ಆ ಪರದೆಯ ಮೇಲಿನ ಚೌಕಗಳನ್ನೂ ಒತ್ತುವ ಗುಂಡಿಗಳನ್ನೂ ಯಾರೋ ಒಬ್ಬರು ಕುಳಿತು ಬರೆದಿದ್ದಾರೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿರುವ ನಿಮ್ಮ ಮಗ ಅಥವಾ ಮಗಳು ಆ ವಿದ್ಯೆಯನ್ನು ಕಲಿಯಬಹುದೇ? ಕಲಿತರೆ ತೋಟಕ್ಕೇನು ಪ್ರಯೋಜನ? ಈ ವಾರ ಅದನ್ನು ವಿಚಾರ ಮಾಡೋಣ.

ಪರದೆ ಕೆಲಸ ಮಾಡುವ ಬಗೆ

ಹಾಲಿನ ಸಂಘದ ಕಾರ್ಯದರ್ಶಿ ಕಿಟಕಿಯ ಹಿಂದೆ ಕುಳಿತಿರುತ್ತಾರೆ. ನೀವು ಹಾಲು ಕೊಟ್ಟರೆ ಬರೆದುಕೊಳ್ಳುತ್ತಾರೆ, ಪಶು ಆಹಾರ ಕೇಳಿದರೆ ಚೀಟಿ ಬರೆಯುತ್ತಾರೆ, ಯಾರೂ ಬರದಿದ್ದರೆ ಸುಮ್ಮನೆ ಕಾಯುತ್ತಾರೆ. ಪರದೆಯ ಪ್ರೋಗ್ರಾಂ ಕೂಡ ಹೀಗೆಯೇ ಕಾಯುತ್ತಿರುತ್ತದೆ. ಯಾವ ಗುಂಡಿ ಒತ್ತಿದರೆ ಯಾವ ಕೆಲಸ ಮಾಡಬೇಕೆಂದು ಮೊದಲೇ ಬರೆದಿಡುವುದೇ ಪ್ರೋಗ್ರಾಂ ಬರೆಯುವವರ ಕೆಲಸ. ಬರೆದದ್ದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕಿಲ್ಲವೆಂಬುದು ತಿಳಿದಿರಲಿ.

ನಮ್ಮ ನಾಡಿನಲ್ಲೇ ಆದ ಕೆಲಸ

ಪಹಣಿಯ 'ಭೂಮಿ' ಯೋಜನೆ ನಿಮಗೆಲ್ಲ ಗೊತ್ತು. ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿ, 2001ರ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ಏರ್ಪಾಡಾಯಿತು. ಅದರ ಪ್ರೋಗ್ರಾಂ ಬರೆದದ್ದು ಎನ್‌ಐಸಿ ಎಂದು ಕರೆಯುವ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ದಾಖಲೆ ಸರಿಯಾಗಿದೆಯೇ ಎಂದು ರೈತನೂ ನೋಡಲೆಂದು, ಅವನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಟ್ಟಿದ್ದರು.

ಇಂಥ ಕೆಲಸಕ್ಕೆ ದೊಡ್ಡ ಕಚೇರಿಯೇ ಬೇಕೆಂದಿಲ್ಲ. ಕನ್ನಡ ಬೆರಳಚ್ಚಿಗೆ ಬಳಸುವ 'ಬರಹ' ತಂತ್ರಾಂಶವನ್ನು ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬರೆದು 1998ರಲ್ಲಿ ಹೊರತಂದರು.

ನಾನು ಮಾಡಿದ ತಪ್ಪು

ನಲವತ್ತು ದಾಟಿದ ಮೇಲೆ ನಾನೂ ಈ ವಿದ್ಯೆಗೆ ಕೈಹಾಕಿದೆ. ಅರಸೀಕೆರೆ ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ಮಾರಾಟದ ಲೆಕ್ಕ ಬರೆದುಕೊಟ್ಟೆ. ಪರದೆಯಲ್ಲಿ ಪ್ರಮಾಣಕ್ಕೊಂದು ಚೌಕ, ದರಕ್ಕೊಂದು ಚೌಕ, 'ಲೆಕ್ಕ ಹಾಕು' ಎಂಬ ಒಂದು ಗುಂಡಿ. ಲೆಕ್ಕ ತಿಳಿಯಲು ಹೀಗೆಂದುಕೊಳ್ಳಿ: 1,000 ಕಾಯಿ 20 ರೂಪಾಯಿಯಂತೆ, 2 ಕ್ವಿಂಟಾಲ್ ಕೊಬ್ಬರಿ 12,000 ರೂಪಾಯಿಯಂತೆ ಮಾರಿದರು. ಒಟ್ಟು 44,000 ರೂಪಾಯಿ. ಇಷ್ಟು ಸರಿ. ಆದರೆ ನನ್ನ ಪ್ರೋಗ್ರಾಂ ಆ ಹಣವನ್ನು 1,002ರಿಂದ ಭಾಗಿಸಿ, ಕಾಯಿಗೆ ಸರಾಸರಿ 44 ರೂಪಾಯಿ ಸಿಕ್ಕಿದೆ ಎಂದು ತೋರಿಸಿತು!

ಅದನ್ನು ನಂಬಿ ಮನೆಯ ಹುಡುಗ, ಸಾಲ ಮಾಡಿಯಾದರೂ ಪಕ್ಕದ ತೋಟವನ್ನು ಗುತ್ತಿಗೆಗೆ ಹಿಡಿಯೋಣ ಎಂದ. ಹಿರಿಯರು ಪರದೆಯನ್ನೊಮ್ಮೆ ನೋಡಿ, "ಸಾಹೇಬ್ರೇ, ಕಾಯಿ ಎಣಿಸಿ ಮಾರಿದ್ದೀನಿ, ಕೊಬ್ಬರಿ ತೂಗಿ ಮಾರಿದ್ದೀನಿ. ಎರಡನ್ನೂ ಒಂದೇ ಕುಕ್ಕೆಗೆ ಸುರಿದ್ರೆ ಹೆಂಗೆ? ಆ ಕೊಬ್ಬರಿಗೆ ಎಷ್ಟು ಕಾಯಿ ಹೋಯ್ತು ಅಂತ ನಿಮ್ಮ ಮಿಷನ್ನು ಕೇಳ್ಲೇ ಇಲ್ವಲ್ಲ!" ಎಂದರು. ಗುತ್ತಿಗೆಯ ಮಾತು ಅಲ್ಲಿಗೆ ನಿಂತಿತು, ಒಂದು ಸಾಲ ತಪ್ಪಿತು. ನಾನು ಅಳತೆಗೊಂದು ಚೌಕ, ಕೊಬ್ಬರಿಗೆ ಹೋದ ಕಾಯಿಗೊಂದು ಚೌಕ ಸೇರಿಸಿದೆ.

ಬೇಲೂರಿನ ಕಾಫಿ 50 ಕೆ.ಜಿ. ಚೀಲದ ಲೆಕ್ಕ, ಅದರಲ್ಲೂ ಚೆರ್ರಿ ಬೇರೆ, ಪಾರ್ಚ್‌ಮೆಂಟ್ ಬೇರೆ. ಹಳೇಬೀಡು ಕಡೆ ಶುಂಠಿಯಾದರೆ 60 ಕೆ.ಜಿ. ಚೀಲ, ಜೋಳವಾದರೆ ಕ್ವಿಂಟಾಲ್. ದೂರದ ಊರಿನಲ್ಲಿ ಕುಳಿತು ಬರೆಯುವವರಿಗೆ ಇದು ಹೊಳೆಯುವುದು ಕಷ್ಟ. ಚೀಲ ಹೊತ್ತು ಗೊತ್ತಿರುವ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಮೊದಲ ಬಂಡವಾಳ ಇದೇ.

ಕಲಿಯುವ ಕ್ರಮ

1. ಮೊದಲು ಕಾಗದದ ಮೇಲೆ ಪರದೆಯ ಚಿತ್ರ ಬರೆಯಬೇಕು. ಯಾವ ಚೌಕ ಎಲ್ಲಿ, ಯಾವ ಗುಂಡಿ ಎಲ್ಲಿ ಎಂಬುದನ್ನು ಲೆಕ್ಕ ಬಲ್ಲ ಹಿರಿಯರಿಗೆ ತೋರಿಸತಕ್ಕದ್ದು.

2. 'ಪೈಥಾನ್' ಎಂಬ ಭಾಷೆ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಅದನ್ನು ಹಾಕಿಕೊಂಡರೆ ಪರದೆ ಕಟ್ಟುವ 'ಟಿಕಿಂಟರ್' ಎಂಬ ಸಲಕರಣೆಯೂ ಜೊತೆಗೇ ಬರುತ್ತದೆ. ಹೆಸರು ತೋರಿಸಲು ಲೇಬಲ್, ತುಂಬಲು ಎಂಟ್ರಿ, ಒತ್ತಲು ಬಟನ್: ಈ ಮೂರರಿಂದಲೇ ಪ್ರಾರಂಭಿಸಬಹುದು.

3. ಚೌಕದಲ್ಲಿ ತುಂಬಿದ್ದನ್ನು ಕಂಪ್ಯೂಟರ್ ಮೊದಲು ಬರಿಯ ಅಕ್ಷರವೆಂದೇ ತಿಳಿಯುತ್ತದೆ. ಹಾಗೆಯೇ ಕೂಡಿಸಿದರೆ 12ಕ್ಕೆ 15 ಸೇರಿ 1215 ಆಗುತ್ತದೆ! ಸಂಖ್ಯೆಯಾಗಿ ಬದಲಿಸಿದ ನಂತರವೇ ಕೂಡಿಸಬೇಕು. ಹಾಗೆ ಬದಲಿಸುವಾಗ ಪೈಥಾನ್ ಕನ್ನಡದ ೧೨ನ್ನೂ 12 ಎಂದೇ ಓದುತ್ತದೆ.

4. ಅಳತೆಯನ್ನು ಕೈಯಿಂದ ಬರೆಯಲು ಬಿಡದೆ ಕಾಯಿ, ಕ್ವಿಂಟಾಲ್, ಚೀಲ ಎಂಬ ಪಟ್ಟಿಯಿಂದ ಆರಿಸುವಂತೆ ಮಾಡುವುದು ಕ್ಷೇಮ.

5. ಕನ್ನಡವನ್ನು 'ನುಡಿ' ಅಥವಾ 'ಬರಹ'ದಲ್ಲಿ ಟೈಪು ಮಾಡುವಾಗ ಯೂನಿಕೋಡ್ ಆರಿಸಿಕೊಳ್ಳಬೇಕು. ಇಲ್ಲವಾದರೆ ಪರದೆಯ ಮೇಲೆ ಗೊಜಲು ಅಕ್ಷರ ಮೂಡುತ್ತದೆ.

6. ಹಳೆಯ ಪುಸ್ತಕದ ಒಂದು ತಿಂಗಳ ಲೆಕ್ಕವನ್ನು ತುಂಬಿ ನೋಡಿ. ಎರಡೂ ತಾಳೆಯಾಗುವವರೆಗೆ ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡಿ. ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ದಿನಕ್ಕೊಂದು ಗಂಟೆ ಬಿಡದೆ ಕುಳಿತರೆ ಸಾಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಚಿಂತಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿದ್ದು, ಅನೇಕ ಕಡೆ ಕಂಪ್ಯೂಟರ್ ಇದೆ. ಮೇಲ್ವಿಚಾರಕರನ್ನು ಕೇಳಿ ಬಳಸಬಹುದು.

ಇದರಿಂದ ನಾಳೆಯೇ ನೌಕರಿ ಸಿಗುವುದೆಂದು ನಾನು ಹೇಳುವುದಿಲ್ಲ. ಈ ವರ್ಷ ಕಾಯಿ ಮಾರುವುದೋ, ಕೊಬ್ಬರಿಗೆ ಅಟ್ಟ ತುಂಬುವುದೋ ಎಂದು ನಿರ್ಧರಿಸುವ ಹೊತ್ತಿಗೆ ನಿಜವಾದ ಲೆಕ್ಕ ನಿಮ್ಮ ಮುಂದಿರುತ್ತದೆ. ಇಂದು ಈ ಪುಟವನ್ನು ಮನೆಗೆ ಒಯ್ದು ಮಕ್ಕಳ ಕೈಗೆ ಕೊಡಿ. ಜೊತೆಗೆ ನಿಮ್ಮ ಹಳೆಯ ಲೆಕ್ಕದ ಪುಸ್ತಕವನ್ನೂ ಕೊಡಿ. ಪಾಠ ಅಲ್ಲಿಂದಲೇ ಶುರುವಾಗಲಿ.